ಎರಡೂ ಎಡತೋಳು

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟನ್ನು ಯಾರೂ ಹೊಲಿಯುವುದಿಲ್ಲ. ಊರಿಗೆ ಊರೇ ಜೀನ್ಸಿನ ಮೇಲೆ ನಿಂತಿದೆ, ಯಾವ ಸಂದಿಗೆ ಹೊಕ್ಕರೂ ಮಿಷನ್ನಿನ ಸದ್ದು ಕಿವಿಗೆ ಬೀಳುತ್ತದೆ, ಆದರೂ ಈ ಮಾತು ಸುಳ್ಳಲ್ಲ. ಒಬ್ಬ ಜಿಪ್ ಕೂರಿಸುತ್ತಾನೆ, ಒಬ್ಬಳು ಸೊಂಟದ ಪಟ್ಟಿ ಹಚ್ಚುತ್ತಾಳೆ, ಇನ್ನೊಬ್ಬ ಕಾಲಿಗೆ ಕಾಲು ಜೋಡಿಸುತ್ತಾನೆ, ಮತ್ತೊಬ್ಬಳು ಗುಂಡಿ ತೂರಿಸುವ ಕಾಜ ಮಾಡುತ್ತಾಳೆ. ಹೀಗೆ ಕೈಯಿಂದ ಕೈಗೆ ದಾಟಿ ಕೊನೆಗೆ ಹೊರಬೀಳುವಾಗ ಅದು ಪ್ಯಾಂಟಾಗಿರುತ್ತದೆ. ಅವರಲ್ಲಿ ಯಾರನ್ನಾದರೂ ಹಿಡಿದು ಒಂದು ಪ್ಯಾಂಟು ಹೊಲಿದುಕೊಡಿ ಎಂದರೆ ನಿಮ್ಮ ಮುಖವನ್ನೇ ನೋಡುತ್ತಾರೆ.

ಪ್ರಸನ್ನಲಕ್ಷ್ಮಿಯ ಪಾಲಿಗೆ ಬಂದದ್ದು ಹಿಂದಿನ ಜೇಬು. ಮಡಕಶಿರಾದಿಂದ ಮದುವೆಯಾಗಿ ಬಂದವಳು ಗಂಡ ಲೋಕನಾಥನ ಹಿಂದೆಯೇ ಯೂನಿಟ್ಟಿಗೆ ಕಾಲಿಟ್ಟಳು. ಅವತ್ತು ಖಾಲಿ ಇದ್ದದ್ದು ಜೇಬಿನ ಮಿಷನ್ನು, ಕೂತಳು, ಅಲ್ಲಿಂದ ಎದ್ದಿಲ್ಲ. ಈಗ ಅವಳು ಮಾತಾಡುತ್ತ ಹೊಲಿಯುತ್ತಾಳೆ, ಬೇರೆ ಕಡೆ ನೋಡುತ್ತ ಹೊಲಿಯುತ್ತಾಳೆ, ಸೀನುತ್ತ ಹೊಲಿದರೂ ಗೆರೆ ಸೊಟ್ಟಗಾಗುವುದಿಲ್ಲ. ಜೇಬಿನಿಂದ ಆಚೆಗೆ ಪ್ಯಾಂಟು ಏನಾಗುತ್ತದೆ ಎನ್ನುವುದು ಅವಳಿಗೆ ಬೇಡದ ಉಸಾಬರಿಯಾಗಿತ್ತು. ಲೋಕನಾಥನದು ಜಿಪ್, ಅವನಿಗೂ ಅಷ್ಟೇ.

ಆದರೆ ಮಡಕಶಿರಾದ ತವರಿನಲ್ಲಿ ಈ ಸೂಕ್ಷ್ಮ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವಳು ‘ರಾಯದುರ್ಗದ ಟೈಲರ್’. ಅವಳೂ ಅದನ್ನು ತಿದ್ದಲು ಹೋಗಿರಲಿಲ್ಲ, ಕೇಳಲು ಹಿತವಾಗಿತ್ತು. ಅಣ್ಣ ಬಾಲರಾಜುವಿನ ಮಗಳು ರೇಖಾಳ ಮದುವೆ ನಿಶ್ಚಯವಾದ ದಿನ ಆ ಹಿತವೇ ಮುಳುವಾಯಿತು. ಅವರ ಮನೆತನದಲ್ಲಿ ಧಾರೆಯ ಸೀರೆ ಸೋದರಮಾವನದು, ರವಿಕೆ ಸೋದರತ್ತೆಯದು. ರವಿಕೆ ಹೊಲಿಸಿಕೊಟ್ಟರೆ ಸಾಕು, ಹೊಲಿಯಬೇಕೆಂದೇನಿಲ್ಲ. ಎಲೆಯ ಮುಂದೆ ಕೂತಾಗ ರೇಖಾಳ ತಾಯಿಯ ತಾಯಿ ಎರ್ರಮ್ಮ, ಯಾರ ಕೈಯಲ್ಲಿ ಹೊಲಿಸುತ್ತೀ ಎಂದು ಕೇಳಿದಳು. ಪ್ರಸನ್ನಲಕ್ಷ್ಮಿ ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು. ಆ ಖುಷಿಯಲ್ಲಿ ಬಾಯಿ ತನ್ನಷ್ಟಕ್ಕೆ ತಾನೇ ಮಾತಾಡಿಬಿಟ್ಟಿತು.

“ಬೇರೆಯವ್ರ ಕೈಲಿ ಯಾಕೆ? ನಾನೇ ಹೊಲಿತೀನಿ. ಇಷ್ಟು ವರ್ಷದಿಂದ ಅದೇ ಕೆಲ್ಸ ಅಲ್ವಾ ನಂದು.”

ರೇಖಾ ಎದ್ದು ಬಂದು ಎಂಜಲು ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಎರ್ರಮ್ಮ ಮಾತ್ರ ಅನ್ನ ಕಲಸುತ್ತ, ನೋಡಾನ ಬಿಡು ಎಂದಳು. ಪಕ್ಕದಲ್ಲಿದ್ದ ಲೋಕನಾಥನಿಗೆ ನೆತ್ತಿಗೇರಿ, ಅವನಿಗೆ ನೀರು ಕುಡಿಸಬೇಕಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಲೋಕನಾಥ ಕೇಳಿದ, “ನೀ ಎಂದಾರ ಒಂದು ಬ್ಲೌಸು ಹೊಲದೀಯೇನು?”

“ಇಲ್ಲ.”

“ಮತ್ತ? ಮದುವಿ ಹುಡುಗಿ ಬ್ಲೌಸಿಗೆ ಹಿಂದ ಜೇಬು ಇಡ್ತೀಯೇನು?”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಲ್ಯಾಣದುರ್ಗ ಬರುವವರೆಗೂ ಬಿಟ್ಟುಬಿಟ್ಟು ನಕ್ಕರು. ಬೀದಿ ಕೊನೆಯ ಲೇಡೀಸ್ ಟೈಲರ್ ಮಂಜುಳಮ್ಮನಿಗೆ ಗುಟ್ಟಾಗಿ ಕೊಟ್ಟರಾಯಿತು ಎಂದು ಲೋಕನಾಥ ಹೇಳಿದ. ಅದು ಸುಲಭದ ದಾರಿಯೇ. ಆದರೆ ರೇಖಾಳನ್ನು ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಲೋಕಕ್ಕೆಲ್ಲ ಸುಳ್ಳು ಹೇಳಬಹುದು, ಆ ಹುಡುಗಿಗೆ ಹೇಳುವುದಕ್ಕೆ ಅವಳಿಂದ ಆಗುತ್ತಿರಲಿಲ್ಲ. ಧಾರೆಗೆ ರೇಖಾ ತೊಡುವುದು ಅತ್ತೆಯೇ ಹೊಲಿದ ರವಿಕೆಯಾಗಿರಬೇಕು, ಅಷ್ಟೇ.

ಮೊದಲು ಫೋನಿನಲ್ಲಿ ಹುಡುಕಿದಳು. ಚೆಂದದ ಉಗುರಿನ ಹೆಂಗಸೊಬ್ಬಳು ತೆಲುಗಿನಲ್ಲಿ ‘ಇಲಾ ಪೆಟ್ಟಿ, ಇಲಾ ಕಟ್ ಚೇಸಿ’, ಹೀಗಿಟ್ಟು ಹೀಗೆ ಕತ್ತರಿಸಿ, ಎನ್ನುವಷ್ಟರಲ್ಲಿ ರವಿಕೆ ಸಿದ್ಧವಾಗಿಬಿಡುತ್ತಿತ್ತು. ಕತ್ತರಿಸುವ ಜಾಗಕ್ಕೆ ಸರಿಯಾಗಿ ಅವಳ ಕೈ ಅಡ್ಡ. ಹಿಂದಕ್ಕೆಳೆದು ನೋಡಿದರೆ ಒಂದು ಸಾಬೂನಿನ ಜಾಹೀರಾತು, ಆಮೇಲೆ ಮತ್ತೆ ಅದೇ ‘ಇಲಾ’. ಯಾಕೆ ಇಲಾ ಎಂದು ಕೇಳೋಣವೆಂದರೆ ಫೋನಿನ ಹೆಂಗಸು ಉತ್ತರ ಕೊಡುವವಳಲ್ಲ. ಕೊನೆಗೆ ಧೈರ್ಯ ಮಾಡಿ ಲೋಕನಾಥನ ಹಳೆ ಲುಂಗಿಯ ಮೇಲೆ ಕತ್ತರಿ ಆಡಿಸಿದಳು. ರವಿಕೆ ಆಗಲಿಲ್ಲ, ಲುಂಗಿಯೂ ಉಳಿಯಲಿಲ್ಲ.

ಲುಂಗಿ ಹೋದ ಮರುದಿನ, ತರಕಾರಿ ತರುವ ದಾರಿಯಲ್ಲಿದ್ದ ಗ್ರಂಥಾಲಯದ ಮೆಟ್ಟಿಲನ್ನು ಹತ್ತಿದಳು. ಎಂಟನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ್ದಳು, ಆಮೇಲೆ ಮದುವೆ ಪತ್ರಿಕೆ ಬಿಟ್ಟರೆ ಕನ್ನಡದಲ್ಲಿ ಏನನ್ನೂ ಓದಿರಲಿಲ್ಲ. ಒಳಗೆ ಕೂತಿದ್ದ ಕೊಟ್ರಬಸಪ್ಪನಿಗೆ, ಹೊಲಿಗೆಯ ಪುಸ್ತಕ ಕನ್ನಡದ್ದು ಇದೆಯೇ ಎಂದು ಕೇಳಿದಳು. ಕೊಟ್ರಬಸಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಕನ್ನಡದ್ದೇನ್ರಿ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಂಧ್ರದ ಆ ಊರಿನಲ್ಲಿ ಕನ್ನಡದ ಬೀರುವನ್ನು ಕೇಳಿಕೊಂಡು ಬಂದವರು ಈಚೆಗೆ ಯಾರೂ ಇರಲಿಲ್ಲವಂತೆ. ಬೀಗದ ಕೈ ಹುಡುಕುವುದರಲ್ಲೇ ಅವನು ಬೆವತುಹೋದ.

ಬೀಗ ತೆರೆಯಿತು, ಬಾಗಿಲು ತೆರೆಯಲಿಲ್ಲ. ಕೊಟ್ರಬಸಪ್ಪ ಒಂದು ಹಿಡಿಕೆ ಹಿಡಿದ, ಪ್ರಸನ್ನಲಕ್ಷ್ಮಿ ಇನ್ನೊಂದನ್ನು ಹಿಡಿದಳು, ಇಬ್ಬರೂ ಜಗ್ಗಿದರು. ಬಾಗಿಲು ಒಮ್ಮೆಗೇ ಬಿಟ್ಟುಕೊಂಡು ಕೊಟ್ರಬಸಪ್ಪ ನೆಲದ ಮೇಲೆ ಕುಕ್ಕರಿಸಿದ, ಮೇಲಿನ ಸಾಲಿನ ಪುಸ್ತಕಗಳು ಅವನ ಮಡಿಲಿಗೆ ಉದುರಿದವು. ಅವನು ಏಳುವ ಅವಸರವನ್ನೇ ತೋರಲಿಲ್ಲ. ಅಲ್ಲೇ ಕೂತು ಒಂದೊಂದನ್ನೂ ಒರೆಸಿ, ಇದು ಹಾವುಗಳದು, ಇದು ಉಪ್ಪಿನಕಾಯಿಯದು, ಇದು ನಕ್ಷತ್ರಗಳದು ಎಂದು ತೋರಿಸತೊಡಗಿದ. ಹೊಲಿಗೆಯದು ಅವನ ಮೊಣಕಾಲ ಕೆಳಗೆ ಸಿಕ್ಕಿತು. ರಟ್ಟು ಹೋಗಿತ್ತು, ಬರೆದವರ ಹೆಸರೂ ಹೋಗಿತ್ತು, ಹಾಳೆಗಳು ಕಾಫಿ ಬಣ್ಣಕ್ಕೆ ತಿರುಗಿದ್ದವು.

ಅವತ್ತು ಒಲೆಯ ಮೇಲೆ ಅನ್ನ ಇಟ್ಟು ಓದಲು ಕೂತಳು. ಮೊದಲ ಪುಟಕ್ಕೆ ಬೆರಳಿಟ್ಟು ಓದಬೇಕಾಯಿತು, ಒತ್ತಕ್ಷರ ಬಂದಲ್ಲಿ ತಡವರಿಸಿದಳು. ಎರಡನೆಯ ಪುಟದಲ್ಲಿ ಬೆರಳು ಬೇಕಾಗಲಿಲ್ಲ. ‘ಬಟ್ಟೆ ಚಪ್ಪಟೆ, ಮೈ ಚಪ್ಪಟೆಯಲ್ಲ. ಹೊಲಿಗೆಯೆಂದರೆ ಇವೆರಡರ ನಡುವೆ ರಾಜಿ ಮಾಡಿಸುವುದು’ ಎಂದು ಒಂದು ಕಡೆ ಬರೆದಿತ್ತು. ಪ್ರಸನ್ನಲಕ್ಷ್ಮಿ ಜೋರಾಗಿ ನಕ್ಕಳು. ಇಷ್ಟು ವರ್ಷ ಬಟ್ಟೆಯ ನಡುವೆ ಬದುಕಿದವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಎದೆಯ ಹತ್ತಿರ ಬಟ್ಟೆ ಮಡಿಸಿ ಟಕ್ಸ್ ಹಿಡಿಯುವುದು ಯಾಕೆ, ಕುತ್ತಿಗೆಯ ಪಟ್ಟಿಯನ್ನು ಓರೆಯಾಗಿ ಕತ್ತರಿಸುವುದು ಯಾಕೆ, ಎಲ್ಲ ‘ಯಾಕೆ’ಗೂ ಪುಸ್ತಕ ಸಮಾಧಾನವಾಗಿ ಉತ್ತರ ಕೊಡುತ್ತಿತ್ತು. ತಿಳಿಯದಿದ್ದರೆ ಮತ್ತೆ ಓದಿದಳು, ಪುಸ್ತಕ ಬೇಸರಪಟ್ಟುಕೊಳ್ಳಲಿಲ್ಲ. ಎದ್ದು ಹೋಗಿ ಬಂದರೂ ಬಿಟ್ಟ ಜಾಗದಲ್ಲೇ ಕಾದಿತ್ತು. ಅನ್ನ ಮಾತ್ರ ಕಾಯದೆ ಸೀದುಹೋಯಿತು.

ಸಂತೋಷ ಒಬ್ಬಳೇ ಇಟ್ಟುಕೊಳ್ಳುವಂಥದ್ದಾಗಿರಲಿಲ್ಲ. ಪುಸ್ತಕವನ್ನು ಯೂನಿಟ್ಟಿಗೂ ಒಯ್ದು ಊಟದ ಹೊತ್ತಿನಲ್ಲಿ ಓದಿ ಹೇಳಿದಳು. ಕಾಲು ಜೋಡಿಸುವವರು, ಕಾಜ ಮಾಡುವವರು ಎಲ್ಲರೂ ಬುತ್ತಿ ಹಿಡಿದು ಸುತ್ತ ಕೂತು ತಮ್ಮ ತಮ್ಮ ಭಾಗದ ಬಗ್ಗೆ ಏನು ಬರೆದಿದೆ ಎಂದು ಕೇಳತೊಡಗಿದರು. ಲೋಕನಾಥನೂ ಜಿಪ್ಪಿನ ವಿಷಯ ಹುಡುಕಿಸಿದ. ಜಿಪ್ಪಿಗೆ ಇದ್ದದ್ದು ಒಂದೇ ಸಾಲು: ‘ಅನುಭವಿಗಳಿಂದ ಹಾಕಿಸಿಕೊಳ್ಳುವುದು ಉತ್ತಮ.’ ಆ ದಿನವೆಲ್ಲ ಲೋಕನಾಥ ಎದೆ ಉಬ್ಬಿಸಿಕೊಂಡು ಓಡಾಡಿದ. ಪುಸ್ತಕದಲ್ಲಿ ಬಂದುಬಿಟ್ಟಿದೆ ನೋಡ್ರಿ ಎಂದು ಚಹಾದ ಅಂಗಡಿಯವನಿಗೂ ಹೇಳಿಬಂದ.

ಪ್ರಯೋಗಕ್ಕೆ ಯೂನಿಟ್ಟಿನಲ್ಲಿ ಉಳಿದ ಜೀನ್ಸಿನ ತುಂಡುಗಳಿದ್ದವು. ರೇಖಾಳ ಹಳೆಯ ರವಿಕೆಯ ಅಳತೆ ಇಟ್ಟು ಒಂದು ಜೀನ್ಸ್ ರವಿಕೆ ಎದ್ದಿತು. ಎದ್ದಿತು ಎಂದರೆ ನಿಜವಾಗಿಯೂ ಎದ್ದು ನಿಂತಿತು, ನೆಲದ ಮೇಲಿಟ್ಟರೆ ಮಡಕೆಯ ಹಾಗೆ ಕೂತಿರುತ್ತಿತ್ತು. ತೊಟ್ಟು ತೋರಿಸಲು ಮನೆಯಲ್ಲಿ ಇದ್ದ ಸಣಕಲು ಮೈ ಎಂದರೆ ಲೋಕನಾಥನದು. ಅವನ ತೋಳು ಹೇಗೂ ಹಿಡಿಸುವುದಿಲ್ಲವೆಂದು ತೋಳನ್ನೇ ಇಡಲಿಲ್ಲ. ಅವನು ಉಸಿರು ಬಿಗಿಹಿಡಿದು ಒಳಹೊಕ್ಕ, ಇವಳು ಬೆನ್ನ ಹುಕ್ಕು ಹಾಕಿದಳು, ಚೆನ್ನಾಗಿ ಕೂತಿತು. ಬಿಚ್ಚುವಾಗ ಮಾತ್ರ ಹುಕ್ಕುಗಳು ಬಿಡಲೊಲ್ಲವು. ದಪ್ಪ ಬಟ್ಟೆಯಲ್ಲಿ ಅವು ಕಚ್ಚಿಕೊಂಡಿದ್ದವು. ಲೋಕನಾಥ ಎರಡೂ ಕೈ ಮೇಲೆತ್ತಿ ನಿಂತು, ಹೆಂಡತಿ ಅವನ ಬೆನ್ನಿಗೆ ಕಾಲು ಕೊಟ್ಟು ಎಳೆಯುತ್ತಿರುವಾಗ, ಅರೆ ತೆರೆದ ಬಾಗಿಲಲ್ಲಿ ಕೊಟ್ರಬಸಪ್ಪ ಪ್ರತ್ಯಕ್ಷನಾದ. ಕಸೂತಿಯ ಪುಸ್ತಕವೊಂದು ಸಿಕ್ಕಿತ್ತು, ಓದುಗರ ಮನೆಗೇ ಮುಟ್ಟಿಸೋಣವೆಂದು ತಂದಿದ್ದ. ಒಳಗಿನ ದೃಶ್ಯವನ್ನು ಅವನು ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿದ.

“ಫಿಟ್ಟಿಂಗ್ ಛಲೋ ಬಂದೈತ್ರಿ,” ಎಂದ.

ನಕ್ಕು ನಕ್ಕು ಪ್ರಸನ್ನಲಕ್ಷ್ಮಿ ನೆಲದ ಮೇಲೆ ಕೂತುಬಿಟ್ಟಳು. ಕೊನೆಗೆ ಹುಕ್ಕು ಬಿಡಿಸಿದವನು ಕೊಟ್ರಬಸಪ್ಪನೇ.

ಆಮೇಲೆ ಅವಳಿಗೆ ಧೈರ್ಯ ಬಂತು, ಧೈರ್ಯದ ಜೊತೆಗೆ ಸ್ವಲ್ಪ ಕೊಬ್ಬೂ ಬಂತು ಎಂದೇ ಹೇಳಬೇಕು. ಧಾರೆಯ ರವಿಕೆಗೆ ತಂದದ್ದು ಮಾವಿನಹಣ್ಣಿನ ಬಣ್ಣದ ರೇಷ್ಮೆ, ಅಂಚಿಗೆ ಜರಿ. ಎದೆ, ಬೆನ್ನು, ಕುತ್ತಿಗೆ ಎಲ್ಲ ಪುಸ್ತಕ ಹೇಳಿದ ಹಾಗೆ ಕೂತವು. ಉಳಿದದ್ದು ತೋಳು. ಮಡಕಶಿರಾಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಜರಿಯಂಚಿನ ಎರಡು ತುಂಡುಗಳನ್ನು ಹಾಸಿದಳು. ‘ಬಟ್ಟೆ ಹಾಸುವುದು’ ಎಂಬ ಅಧ್ಯಾಯ ಪುಸ್ತಕದಲ್ಲಿತ್ತು. ಅದನ್ನು ಅವಳು ಓದಿರಲಿಲ್ಲ. ರಾಯದುರ್ಗದವಳಿಗೆ ಬಟ್ಟೆ ಹಾಸುವುದನ್ನು ಇವರೇನು ಕಲಿಸುತ್ತಾರೆ ಎಂದು ಹಾರಿಸಿದ್ದಳು.

ಯೂನಿಟ್ಟಿನಲ್ಲಿ ಜೀನ್ಸ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಾರೆ, ಎಲ್ಲ ಪದರದ ಮುಖವೂ, ಅಂದರೆ ಹೊರಮೈ, ಮೇಲಕ್ಕೆ. ಅಲ್ಲಿ ಎಡಗಾಲಿಗೆ ಬೇರೆ ಅಚ್ಚು, ಬಲಗಾಲಿಗೆ ಬೇರೆ ಅಚ್ಚು ಇರುವುದರಿಂದ ಅದೇ ಸರಿ. ಪ್ರಸನ್ನಲಕ್ಷ್ಮಿಯ ಕೈಗೂ ಅದೇ ಅಭ್ಯಾಸ. ಎರಡು ರೇಷ್ಮೆ ತುಂಡುಗಳ ಮುಖವನ್ನೂ ಮೇಲೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಒಂದೇ ಅಚ್ಚಿಟ್ಟು ಕರಕರ ಕತ್ತರಿಸಿದಳು. ಎಡತೋಳು ಜೋಡಿಸಿದಳು, ಚೆಂದವಾಗಿ ಬಂತು. ಇನ್ನೊಂದನ್ನು ಬಲಕ್ಕೆ ಹಿಡಿದಳು. ಅದೂ ಎಡತೋಳೇ ಆಗಿತ್ತು.

ಮಗುಚಿ ಹಿಡಿದರೆ ಜರಿಯ ಒಳಮೈ ಹೊರಗೆ ಬರುತ್ತಿತ್ತು. ಬೇರೆ ಕತ್ತರಿಸೋಣವೆಂದರೆ ಉಳಿದದ್ದು ಅಂಗೈಯಗಲದ ಚೂರುಗಳು. ಅವಳಿಗೆ ಅಳು ಬಂತು, ಅತ್ತಳು. ಲೋಕನಾಥ ಚಪ್ಪಲಿ ಮೆಟ್ಟಿಕೊಂಡು, ಮಂಜುಳಮ್ಮನನ್ನು ಕರೆಯುತ್ತೇನೆ ಎಂದು ನಿಂತ. ತಡೆಯಿರಿ ಎಂದಳು. ಮೂಗೊರೆಸಿಕೊಂಡು, ಹಾರಿಸಿದ್ದ ಅಧ್ಯಾಯವನ್ನು ತೆಗೆದಳು.

‘ಎರಡು ತೋಳುಗಳನ್ನು ಮುಖಕ್ಕೆ ಮುಖ ಮಾಡಿಟ್ಟು ಕತ್ತರಿಸಬೇಕು’ ಎಂದು ಮೊದಲ ಸಾಲಿನಲ್ಲೇ ಇತ್ತು. ಕತ್ತರಿಸಿ ಆದ ಮೇಲೆ ಏನು ಮಾಡಬೇಕೆಂದು ಇರಲಿಲ್ಲ. ಇಂಥ ತಪ್ಪು ಮಾಡುವ ಊರೊಂದು ಇದೆಯೆಂದು ಬರೆದವರಿಗೆ ತೋಚಿರಲಾರದು. ಆದರೆ ಅವರು ತಮ್ಮ ಅಭ್ಯಾಸದಂತೆ ಕಾರಣ ಕೊಟ್ಟಿದ್ದರು. ಮನುಷ್ಯ ಕೈಯನ್ನು ಮುಂದಕ್ಕೆ ಚಾಚುವುದೇ ಹೆಚ್ಚು, ಚಾಚಿದಾಗ ಬೆನ್ನ ಕಡೆ ಬಟ್ಟೆ ಬೇಕು, ಎದೆಯ ಕಡೆ ಬೇಡ, ಆದ್ದರಿಂದ ತೋಳಿನ ಮುಂಬದಿಯನ್ನು ಹೆಚ್ಚು ಕೊರೆಯುತ್ತಾರೆ. ಪ್ರಸನ್ನಲಕ್ಷ್ಮಿ ಓದಿದಳು, ಗೋಡೆಯ ಕಡೆ ಕೈ ಚಾಚಿದಳು, ಮೇಲೆತ್ತಿದಳು, ಮತ್ತೆ ಓದಿದಳು. ತನ್ನ ತುಂಡನ್ನು ಬಲಕ್ಕೆ ಹಿಡಿದರೆ ಬೆನ್ನ ಕಡೆ ಕೊರೆದುಹೋಗಿದೆ. ಎದೆಯ ಕಡೆ ಕೊರೆದರಾಯಿತು, ಬೆನ್ನ ಕಡೆ ಹೋದದ್ದನ್ನು ತುಂಬಿದರಾಯಿತು. ತುಂಬುವ ಜಾಗ ಕಂಕುಳ ಹತ್ತಿರ, ಯಾರ ಕಣ್ಣಿಗೂ ಬೀಳದು. ಇಷ್ಟು ಹೊಳೆದದ್ದೇ ತಡ, ಅವಳು ಎದ್ದು ಮನೆಯೊಳಗೆ ಒಂದು ಸುತ್ತು ಕುಣಿದಳು. ಲೋಕನಾಥ ಚಪ್ಪಲಿ ಬಿಟ್ಟು ದೂರ ನಿಂತು ನೋಡಿದ.

ಚೂರಿನಿಂದ ಬಾಳೆಕಾಯಿಯ ಆಕಾರದ ಒಂದು ತುಂಡು ತೆಗೆದು, ಹೆದರಿಕೆಗೆ ಸ್ವಲ್ಪ ದೊಡ್ಡದನ್ನೇ ಇಟ್ಟು ಹೊಲಿದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಯೋಚಿಸಿದ್ದು. ಹಾಗೆ ಯೋಚಿಸುವುದನ್ನು ಪುಸ್ತಕ ಅವಳಿಗೆ ಗೊತ್ತಾಗದ ಹಾಗೆ ಕಲಿಸಿಬಿಟ್ಟಿತ್ತು.

ಮಡಕಶಿರಾದ ಮದುವೆ ಮನೆಯಲ್ಲಿ ರವಿಕೆ ನೋಡಿ ಎಲ್ಲರೂ ಹೊಗಳಿದರು. ರೇಖಾ ಕನ್ನಡಿಯ ಮುಂದಿನಿಂದ ಕದಲಲಿಲ್ಲ. ತಾಳಿ ಕಟ್ಟುವವರೆಗೆ ಕೈ ಕೆಳಗೇ ಇರುವುದರಿಂದ ಪ್ರಸನ್ನಲಕ್ಷ್ಮಿ ನಿಶ್ಚಿಂತೆಯಾಗಿದ್ದಳು. ಆಮೇಲೆ ತಲಂಬ್ರಾಲು ಶುರುವಾಯಿತು. ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಅರಿಶಿನದ ಅಕ್ಕಿ ಸುರಿಯುವುದು, ಯಾರು ಹೆಚ್ಚು ಸುರಿಯುತ್ತಾರೋ ಮನೆಯಲ್ಲಿ ಅವರದೇ ಮಾತು. ಮದುಮಗ ಅಗಳಿ ಊರಿನವನು, ತೆಂಗಿನ ಮರದಂತೆ ಉದ್ದ, ರೇಖಾ ಅವನ ಭುಜಕ್ಕೂ ಬರುತ್ತಿರಲಿಲ್ಲ. ಗೆಳೆಯರ ಮಾತು ಕೇಳಿ ಅವನು ಬೆನ್ನು ನೆಟ್ಟಗೆ ಮಾಡಿ ಇನ್ನಷ್ಟು ಎತ್ತರವಾದ.

ರೇಖಾ ಪೀಠದ ಮೇಲೆ ಮಂಡಿಯೂರಿ ಎದ್ದು ಕೈ ಎತ್ತಿದಳು. ಪ್ರಸನ್ನಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ಈಗ ಪರ್ರೆಂದು ಹರಿಯುತ್ತದೆ, ಊರಿನವರೆಲ್ಲರ ಮುಂದೆ ಹರಿಯುತ್ತದೆ, ಹುಡುಗಿ ಜನ್ಮವಿರುವವರೆಗೂ ಇದನ್ನು ಮರೆಯುವುದಿಲ್ಲ. ಗದ್ದಲ ಎದ್ದಿತು. ಕಣ್ಣು ಬಿಟ್ಟು ನೋಡಿದರೆ ರೇಖಾಳ ಎಡಗೈ ಕಿವಿಯ ಮಟ್ಟಕ್ಕೆ ನಿಂತಿತ್ತು. ಬಲಗೈ ಮಾತ್ರ, ಕಂಕುಳಲ್ಲಿ ಆ ದೊಡ್ಡ ತುಂಡು ಇದ್ದದ್ದರಿಂದ, ಯಾವ ತಡೆಯೂ ಇಲ್ಲದೆ ನೆಟ್ಟಗೆ ಮೇಲೇರಿ, ಹಿಡಿ ಹಿಡಿ ಅಕ್ಕಿಯನ್ನು ಗಂಡನ ನೆತ್ತಿಗೆ ಸುರಿಯುತ್ತಿತ್ತು. ಅವನು ತಲೆ ಮುಚ್ಚಿಕೊಂಡ, ಬಗ್ಗಿದ, ಕೊನೆಗೆ ಸೋತೆ ಎಂದು ಕೈ ಮುಗಿದ. ಹೆಣ್ಣಿನ ಕಡೆಯವರು ಕೂಗು ಹಾಕಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಪ್ರಸನ್ನಲಕ್ಷ್ಮಿ.

ಸೀರೆ ಬದಲಿಸುವ ಕೋಣೆಯಲ್ಲಿ ಎರ್ರಮ್ಮ ಮೊಮ್ಮಗಳ ಮೈಗೆ ಅಂಟಿದ ಅಕ್ಕಿ ಉದುರಿಸುತ್ತಿದ್ದಳು. ಬಲಗೈ ಎತ್ತಿದಾಗ ಅವಳ ಬೆರಳಿಗೆ ಕಂಕುಳ ಹೊಲಿಗೆ ಸಿಕ್ಕಿತು. ಇದೇನಮ್ಮಿ ಇಲ್ಲಿ ತೇಪೆ ಎಂದಳು. ಕೋಣೆಯ ತುಂಬ ಹೆಂಗಸರಿದ್ದರು, ಎಲ್ಲರೂ ತಿರುಗಿದರು. ಇದು ಹೊಸ ಫ್ಯಾಷನ್ ಎಂದಿದ್ದರೆ ನಡೆದುಹೋಗುತ್ತಿತ್ತು. ಆದರೆ ಅವತ್ತಿನ ಸಂತೋಷದಲ್ಲಿ ಪ್ರಸನ್ನಲಕ್ಷ್ಮಿಗೆ ಮುಚ್ಚಿಡುವ ಮನಸ್ಸಾಗಲಿಲ್ಲ.

“ತಪ್ಪು ಕತ್ತರಿಸಿದ್ದೆ ಕಣಮ್ಮ, ಎರಡೂ ಎಡಗೈದೇ ಆಯ್ತು. ನಂಗೆ ಜೇಬು ಬಿಟ್ರೆ ಏನೂ ಬರ್ತಿರ್ಲಿಲ್ಲ. ಇದನ್ನ ಬುಕ್ಕು ಓದ್ಕೊಂಡು ಹೊಲಿದೆ.”

ರೇಖಾ ಬಿದ್ದು ಬಿದ್ದು ನಕ್ಕಳು. ಬಲಗೈ ಇಷ್ಟು ಆರಾಮಾಗಿದೆ, ಎಡಗೈಗೂ ತಪ್ಪು ಮಾಡಬಾರದಿತ್ತಾ ಅತ್ತೆ ಎಂದಳು. ಎರ್ರಮ್ಮ ನಗಲಿಲ್ಲ. ಬುಕ್ಕಲ್ಲಿ ಇದೆಲ್ಲ ಬರೆದಿರುತ್ತದಾ, ಏನು ಬರೆದಿದೆ ಓದು ಎಂದಳು. ಪುಸ್ತಕ ಪ್ರಸನ್ನಲಕ್ಷ್ಮಿಯ ಚೀಲದಲ್ಲೇ ಇತ್ತು, ಅದನ್ನು ಬಿಟ್ಟು ಬರಲು ಅವಳಿಗೆ ಧೈರ್ಯ ಸಾಲದೆ ತಂದಿದ್ದಳು. ತೋಳಿನ ಪುಟ ತೆಗೆದು ಗಟ್ಟಿಯಾಗಿ ಓದಿದಳು. “ರವಿಕೆ ತೊಟ್ಟವರು ಕೈಯನ್ನು ಪೂರ್ತಿ ಎತ್ತಲಾರದಿದ್ದರೆ ದೋಷ ತೊಟ್ಟವರದಲ್ಲ, ಕತ್ತರಿಸಿದವರದು.”

ಎರ್ರಮ್ಮ ತನ್ನ ಬಲಗೈಯನ್ನು ಮೆಲ್ಲಗೆ ಎತ್ತಿದಳು, ರವಿಕೆಯ ತೋಳು ಬಿಗಿದು ಅದು ಕಿವಿಯ ಹತ್ತಿರ ಬಂದು ನಿಂತಿತು.

“ಜಾಕೀಟು ಹಾಕ್ಕಂಡಾಗಿಂದ ಇಷ್ಟೇ ಕಣಮ್ಮಿ ಏಳಾದು. ಅಟ್ಟದ ಮೇಲಿಂದ ಒಂದು ಚೆಂಬು ತೆಗೀಬೇಕಂದ್ರೂ ಯಾರನ್ನಾರ ಕರೀತಿದ್ದೆ. ನನ್ ಕೈಯೇ ಸರಿಯಿಲ್ಲ ಅಂದ್ಕಂಡಿದ್ದೆ. ನಂದಲ್ವಂತಾ ತಪ್ಪು?”

“ನಿಮ್ಮದಲ್ಲಮ್ಮ,” ಎಂದಳು ಪ್ರಸನ್ನಲಕ್ಷ್ಮಿ.

“ಅದೊಂದು ಸಾಲು ಇನ್ನೊಂದ್ಸಲ ಓದು.”

ಓದಿದಳು. ಅಷ್ಟರಲ್ಲಿ ಕೋಣೆಯಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೈ ಎತ್ತಿ ನೋಡಿಕೊಳ್ಳತೊಡಗಿದ್ದರು. ಒಬ್ಬಳದು ಕಿವಿಯವರೆಗೆ ಹೋಯಿತು, ಇನ್ನೊಬ್ಬಳದು ಭುಜ ದಾಟಲಿಲ್ಲ. ಒಬ್ಬರನ್ನೊಬ್ಬರು ನೋಡಿ ನಗು ಉಕ್ಕಿತು. ಹೊರಗಿನಿಂದ ಬಾಲರಾಜು ಊಟಕ್ಕೆ ಎಲೆ ಹಾಕಿದೆ ಎಂದು ಬಾಗಿಲು ಬಡಿದ. ಎರ್ರಮ್ಮ ಅವನಿಗೆ ಸ್ವಲ್ಪ ತಡೆಯೋ ಎಂದು ಗದರಿ, ಎತ್ತಿದ ಕೈಯನ್ನು ಇಳಿಸದೆಯೇ, ಮುಂದಕ್ಕೆ ಏನು ಬರೆದಿದೆ ಓದು ಎಂದಳು.